ಬಡತನ ನೋಡಲು ಬಂದ ಮಾಸ್ತರರು

ನಾನು ಮದುವೆಯಾಗಿ ಬಸ್ರೂರಿಗೆ ಬಂದದ್ದು ಯುದ್ಧದ ಕಾಲದಲ್ಲಿ. ಬರ್ಮಾದ ಅಕ್ಕಿ ಬರುವುದು ನಿಂತಿತ್ತು. ಗಂಡ ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದರು, ಮಾವ ದೋಣಿಯಲ್ಲಿ ಸರಕು ಹೊರುತ್ತಿದ್ದರು. ಹಗಲು ಮನೆಯಲ್ಲಿ ಅತ್ತೆ, ನಾನು, ಮತ್ತು ಓದಿನಲ್ಲಿ ಚುರುಕಾದ ನನ್ನ ಪುಟ್ಟ ನಾದಿನಿ.

ಅವಳಿಗೂ ಪಕ್ಕದ ಮನೆಯ ಹುಡುಗಿಗೂ ಕುಂದಾಪುರದ ಹೈಸ್ಕೂಲಿಗೆ ಹೋಗುವ ಹುಚ್ಚು. ಅಷ್ಟು ದೂರ ಹೆಣ್ಣುಮಕ್ಕಳು ಒಬ್ಬೊಬ್ಬರೇ ನಡೆಯುವಂತಿಲ್ಲ. ಹೋದರೆ ಇಬ್ಬರೂ, ಇಲ್ಲವಾದರೆ ಇಬ್ಬರೂ ಇಲ್ಲ. ಫೀಸಿಗೆ ಎರಡೂ ಮನೆಯಲ್ಲಿ ಗತಿಯಿರಲಿಲ್ಲ. ಆಗ ಊರಿನ ಧಣಿಯೊಬ್ಬರು, ಬಡವರ ಮಕ್ಕಳ ಫೀಸು ತಾವು ಕಟ್ಟುವುದಾಗಿ ಹೇಳಿದರು. ನಿಜಕ್ಕೂ ಬಡವರು ಯಾರೆಂದು ನೋಡಿ ಬರಲು ನಿವೃತ್ತ ಮಾಸ್ತರರೊಬ್ಬರನ್ನು ನೇಮಿಸಿದರು.

ಮಾಸ್ತರರು ನಾಳೆ ಬರುತ್ತಾರೆಂದು ಕೇಳಿದ್ದೇ ಅತ್ತೆಗೆ ಕೈಕಾಲು ಆಡಲಿಲ್ಲ.

"ಹೆಣೆ, ಅಷ್ಟ್ ದೊಡ್ ಮನ್ಷ ಬಂದ್ರೆ ಕೂಕಂಬುಕೆ ಎಂತ ಕೊಡುದ್?" ಎಂದು ನನ್ನನ್ನು ಕೇಳಿದರು.

"ಅವ್ರು ಬರುದೇ ನಾವ್ ಬಡವ್ರು ಹೌದಾ ಅಂತ ಕಾಂಬುಕಲ್ದಾ ಅತ್ತೆ?" ಎಂದೆ.

"ಬಡವ್ರಾರೆ ಮನಿಗ್ ಬಂದವ್ರನ್ನ ನೆಲದ್ ಮೇಲೆ ಕೂರ್ಸುದಾ?"

ಪಕ್ಕದ ಮನೆಯಿಂದ ಬೆಂಚು ಬಂತು. ಕಂಚಿನ ಹರಿವಾಣ, ಹಿತ್ತಾಳೆಯ ಲೋಟ, ಒಂದು ಹಿಡಿ ಕಾಫಿಪುಡಿ ಬಂದವು. ಕೊನೆಗೆ, ಹಾಲು ಎಲ್ಲಿಯದೆಂದು ಕೇಳಿಯಾರೆಂದು ಪಕ್ಕದ ಮನೆಯ ದನವನ್ನೂ ತಂದು ನಮ್ಮ ಅಂಗಳದಲ್ಲಿ ಕಟ್ಟಿದೆವು.

ಮಾಸ್ತರರು ಬೆಂಚಿನ ಮೇಲೆ ಕುಳಿತು ಅವಲಕ್ಕಿ ತಿಂದು ಕಾಫಿ ಕುಡಿದರು. ದನ ಮಾತ್ರ ತನ್ನ ಕೊಟ್ಟಿಗೆಯ ಕಡೆ ಹಗ್ಗ ಜಗ್ಗುತ್ತ ಅಂಬಾ ಎನ್ನುತ್ತಲೇ ಇತ್ತು.

"ದನಕ್ಕೆ ಎಂತ ಆಯ್ತ್?" ಎಂದು ಕೇಳಿದರು.

"ಹೊಸಬ್ರನ್ನ ಕಂಡ್ರೆ ಅದ್ ಹಾಂಗೇ," ಎಂದರು ಅತ್ತೆ.

ಅಲ್ಲಿಂದೆದ್ದು ಅವರು ಪಕ್ಕದ ಮನೆಗೆ ಹೋದರು. ಅಲ್ಲಿ ಕೂರಲು ಹರಕು ಚಾಪೆ, ಕುಡಿಯಲು ಕರಟದಲ್ಲಿ ನೀರು, ಕೊಟ್ಟಿಗೆ ಖಾಲಿ. ಮಾಸ್ತರರ ಕಣ್ಣು ತುಂಬಿತಂತೆ. ಸಂಜೆಗೆ ಸುದ್ದಿ ಬಂತು: ಆ ಹುಡುಗಿಗೆ ಫೀಸು ಸಿಕ್ಕಿತು, ನಾವು ಅನುಕೂಲಸ್ಥರು.

ಪಕ್ಕದ ಮನೆಯಾಕೆ ಓಡಿ ಬಂದರು. "ಅಕ್ಕ, ನಿಮ್ಗ್ ಸಾಮಾನ್ ಕೊಟ್ ನಾ ಬಡವಿ ಆದೆ," ಎಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಹುಲ್ಲಿನ ಬಣವೆಯ ಹಿಂದಿನಿಂದ ಬಿಕ್ಕುವ ಸದ್ದು ಕೇಳಿಸಿತು. ಹುಡುಗಿಯರಿಬ್ಬರೂ ಅಲ್ಲಿದ್ದರು. ಫೀಸು ಸಿಕ್ಕಿದವಳೇ ಹೆಚ್ಚು ಅಳುತ್ತಿದ್ದಳು.

ಮರುದಿನ ಅತ್ತೆ, ಪಕ್ಕದ ಮನೆಯಾಕೆ, ಜೊತೆಗೆ ನಾನು, ಮಾಸ್ತರರ ಮನೆಗೆ ಹೋದೆವು. ಅತ್ತೆ ಬಾಗಿಲಲ್ಲಿ ನಿಂತೇ ಬೆಂಚಿನಿಂದ ದನದವರೆಗೆ ಎಲ್ಲವನ್ನೂ ಹೇಳಿದರು. ಮಾಸ್ತರರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಇವತ್ ಬೆಳಿಗ್ಗೆ ಎಂತ ಉಂಡಿದ್ರಿ?" ಎಂದು ಕೇಳಿದರು.

"ಗಂಜಿ."

"ಅದಕ್ಕೆ ಎಂತ ಇತ್ತ್?"

"ಉಪ್ಪು."

"ನಿನ್ನೆ ರಾತ್ರಿಗೆ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಮಕ್ಳಿಗೆ ಇತ್ತ್," ಎಂದರು.

ನಾನು ತಲೆ ತಗ್ಗಿಸಿದೆ. ಆ ಮಕ್ಕಳಲ್ಲಿ ನಾನೂ ಒಬ್ಬಳೆಂದು ನನಗೆ ಆಗಲೇ ಹೊಳೆದದ್ದು. ರಾತ್ರಿ ಹಸಿವಿಲ್ಲವೆಂದು ಅತ್ತೆ ಹೇಳಿದ್ದನ್ನು ನಾನು ನಂಬಿ ಉಂಡಿದ್ದೆ.

ಮಾಸ್ತರರು ಪಕ್ಕದ ಮನೆಯಾಕೆಯತ್ತ ತಿರುಗಿದರು. "ನಿಮ್ಗೆ?"

"ನಮ್ಗೂ ಹಾಂಗೇ. ಒಂದ್ ಮಾವಿನ್ ಮಿಡಿ ಹೆಚ್ಚಿಗೆ."

ಮಾಸ್ತರರಿಗೆ ಈಗ ನಗು ತಡೆಯಲಾಗಲಿಲ್ಲ. ಮಧ್ಯಾಹ್ನವೇ ಧಣಿಗಳ ಮನೆಗೆ ಹೋಗಿ, ಮನೆಯ ಸಾಮಾನು ನೋಡಿ ತಾನು ಮೋಸಹೋದೆನೆಂದು ಹೇಳಿ, ಇಬ್ಬರಿಗೂ ಫೀಸು ಕೊಡಿಸಿದರು. ಮುಂದೆ ಅವರು ಯಾರ ಮನೆಗೆ ಹೋದರೂ ಮೊದಲು ಅಡಿಗೆಯ ವಿಷಯ ಕೇಳುತ್ತಿದ್ದರಂತೆ.

ಶಾಲೆ ಶುರುವಾದ ದಿನ ಅತ್ತೆ ಮಗಳ ಜಡೆ ಹೆಣೆಯುತ್ತ ಬುದ್ಧಿ ಹೇಳಿದರು: "ಯಾರಾರೂ ಕೇಂಡ್ರೆ, ಫೀಸ್ ಅಪ್ಪಯ್ಯನೇ ಕಟ್ಟಿದ್ ಅಂತ ಹೇಳ್."

ಮಾವ ಜಗಲಿಯಲ್ಲಿ ಕುಳಿತು ಕೇಳಿಸಿಕೊಂಡರು. ಅಂದು ದೋಣಿಯ ಕೆಲಸಕ್ಕೆ ಹೊರಡುವಾಗ, ಹಬ್ಬಕ್ಕೆಂದು ಮಡಿಸಿಟ್ಟಿದ್ದ ಒಗೆದ ಅಂಗಿ ತೊಟ್ಟುಕೊಂಡು ಹೋದರು.