ಬಿಡ್ತು ಅನ್ನದ ಮೇಡಂ

ನಮ್ಮ ನಂಜನಗೂಡು ಸೀಮೆಯಲ್ಲಿ ಯಾರ ಬಾಯಲ್ಲಾದರೂ ಸಾವಿನ ಮಾತೋ ಕೇಡಿನ ಮಾತೋ ಬಂದರೆ ಎದುರಿಗಿದ್ದವರು ತಕ್ಷಣ “ಬಿಡ್ತು ಅನ್ನು” ಎನ್ನುತ್ತಾರೆ. ಆಡಿದವರು “ಬಿಡ್ತು” ಎಂದರೆ ಅಲ್ಲಿಗೆ ದೋಷ ಕಳೆಯಿತು. ನನ್ನ ತಾಯಿಯಂತೂ “ಮಳೆ ಬಂದು ಗೋಡೆ ಬಿದ್ರೆ” ಎಂದರೂ ಬಿಡ್ತು ಅನ್ನಿಸದೆ ಬಿಡುತ್ತಿರಲಿಲ್ಲ. ನಾನು ಕಂಡ ಮಟ್ಟಿಗೆ ಆ ಮಾತನ್ನು ಅನ್ನದೇ ಇದ್ದವರು ಶಿವನಂಜಮ್ಮ ಮೇಡಂ ಒಬ್ಬರೇ. ಎಂಥ ಘೋರವಾದ ಮಾತು ಕೇಳಿದರೂ ಅವರು ಕೈಯಲ್ಲಿದ್ದ ಅವರೆಕಾಯಿಯಿಂದ ಕಣ್ಣೆತ್ತದೆ “ಹೂಂ, ಮುಂದಕ್ಕೆ?” ಎನ್ನುತ್ತಿದ್ದರು.

ಮೇಡಂ ಮನಸ್ಸಿನ ಕಾಯಿಲೆಗಳಿಗೆ ಮಾತಿನಲ್ಲಿ ಚಿಕಿತ್ಸೆ ಮಾಡುವವರು. ಹುಟ್ಟಿದ್ದು ಹದಿನಾರು ಎಂಬ ಊರಿನ ಒಕ್ಕಲು ಮನೆಯಲ್ಲಿ, ಓದಿದ್ದು ಮೈಸೂರಿನಲ್ಲಿ. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿ ಅದರ ಮೇಲೆ ಏನೇನೋ ತರಬೇತಿ ಪಡೆದಿದ್ದರೂ ನಾಲಿಗೆ ಮಾತ್ರ ಹದಿನಾರು ಬಿಟ್ಟು ಕದಲಿರಲಿಲ್ಲ. ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಮಂಗಳವಾರ ಬಂದು ಕೂರುತ್ತಿದ್ದರು. ಅವರೆ ಕಾಲದಲ್ಲಿ ಅವರೆಕಾಯಿ, ಬೇಸಿಗೆಯಲ್ಲಿ ಹುಣಸೆಹಣ್ಣು, ಏನೂ ಇಲ್ಲದಿದ್ದರೆ ಬೆಳ್ಳುಳ್ಳಿ ಚೀಲದಲ್ಲಿ ಇದ್ದೇ ಇರುತ್ತಿತ್ತು. ಬಂದವರ ಮುಂದೆಯೂ ಒಂದು ಮೊರ ತಳ್ಳುತ್ತಿದ್ದರು. “ಮುಖ ನೋಡ್ಕಂಡು ಅಳೋದು ಕಷ್ಟ ಕಣಮ್ಮ. ಕಾಯಿ ನೋಡ್ಕಂಡು ಅಳು” ಎನ್ನುವುದು ಅವರ ಶಾಸ್ತ್ರ. ನಿಮ್ಮ ಮನೆ ಸಾರಿಗೆ ಅರ್ಧ ತಾಲ್ಲೂಕಿನ ಕಣ್ಣೀರು ಬಿದ್ದಿದೆ ಮೇಡಂ ಎಂದು ನಾನು ಆಮೇಲಾಮೇಲೆ ರೇಗಿಸುವಷ್ಟು ಸಲಿಗೆ ಬೆಳೆಯಿತು. “ಅದ್ಕೇ ನಾನು ಉಪ್ಪು ನೋಡಿ ಹಾಕ್ತೀನಿ” ಎಂದು ನಗುತ್ತಿದ್ದರು.

ಇಂಥ ಕೆಲಸದವರೆಂದರೆ ಶಾಂತಮೂರ್ತಿ ಎಂದುಕೊಳ್ಳಬೇಡಿ. ಒಂದು ಗಳಿಗೆ ಕೂತ ಕಡೆ ಕೂರುವ ಹೆಂಗಸಲ್ಲ ಅವರು. ಕೋಣೆಗೆ ಬೀಗ ಹಾಕಿ ಮೆಟ್ಟಿಲಿಳಿದು, ಮತ್ತೆ ಹತ್ತಿ ಬೀಗ ಜಗ್ಗಿ ನೋಡಿ, ರಸ್ತೆಗೆ ಬಂದ ಮೇಲೂ ಕತ್ತೆತ್ತಿ ಬಾಗಿಲನ್ನೇ ನೋಡುತ್ತಿದ್ದರು. ಬಸ್ಸಿನಲ್ಲಿ ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಇವರ ಕಾಲೂ ನೆಲ ಒತ್ತುತ್ತಿತ್ತು. ನಿಮಗೇ ಇಷ್ಟು ಗಾಬರಿ ಇದ್ದರೆ ನಮ್ಮ ಗತಿಯೇನು ಎಂದು ಒಂದು ಸಲ ಕೇಳಿಯೇಬಿಟ್ಟೆ. “ಗಾಬ್ರಿ ಇಲ್ದಿದ್ರೆ ಈ ಕೆಲ್ಸಕ್ಕೆ ಯಾಕ್ ಬತ್ತಿದ್ದೆ? ಆರಾಮಾಗಿ ಬ್ಯಾಂಕ್ ಸೇರ್ತಿದ್ದೆ” ಎಂದರು.

ನಾನು ಅವರ ಕೋಣೆಗೆ ಹೋದದ್ದು ಮಾತ್ರ ಶುದ್ಧ ತಪ್ಪಿನಿಂದ. ಎರಡು ಸಾವಿರದ ಆಚೀಚೆಯ ಕಾಲ. ನಾನು ನರಸೀಪುರದಾಚೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಸ್ಕೂಲ್ ಟೀಚರು. ಮನೆ ನಂಜನಗೂಡಿನಲ್ಲಿ. ನಮ್ಮ ಯಜಮಾನರು ಊರ ಪಕ್ಕದ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಡ್ಯೂಟಿಗೆ ಹೋದವರು ಗೇಟಿಗೆ ಬೀಗ ಬಿದ್ದಿದೆ ಎಂದು ವಾಪಸು ಬಂದರು. ಅವತ್ತು ಗೋಡೆಗೆ ಒರಗಿ ಕೂತವರು ತಿಂಗಳುಗಟ್ಟಲೆ ಹಾಗೇ ಕೂತರು. ಗಡ್ಡ ಬಿಟ್ಟರು, ಮಾತು ಬಿಟ್ಟರು, ಕ್ರಿಕೆಟ್ ನೋಡುವುದನ್ನೂ ಬಿಟ್ಟರು. ನೆಂಟರು ಬಂದವರೆಲ್ಲ “ಯೋಚ್ನೆ ಮಾಡ್ಬೇಡಿ” ಎಂದು ಹೇಳಿ ಕಾಫಿ ಕುಡಿದು ಹೋದರು.

ನಾನು ಸ್ಕೂಲಿನಲ್ಲಿ ಮಗ್ಗಿ ಹೇಳಿಸುತ್ತಿದ್ದರೂ ಮನಸ್ಸು ಮನೆಯ ಬಾಗಿಲಲ್ಲಿ. ಬಾಗಿಲು ಚಿಲಕ ಹಾಕಿಕೊಳ್ಳಬೇಡಿ, ಸೆಕೆ, ಗಾಳಿ ಆಡಲಿ ಎಂದು ಚಳಿಗಾಲದಲ್ಲೂ ಹೇಳಿ ಹೊರಡುತ್ತಿದ್ದೆ. ಪಕ್ಕದ ಮನೆಯ ಪುಟ್ಟಮ್ಮನಿಗೆ, ಹನ್ನೊಂದರ ಹೊತ್ತಿಗೆ ಹೋಗಿ ಹೆಪ್ಪಿಗೆ ಒಂದು ಚಮಚ ಮೊಸರು ಕೇಳು ಎಂದು ಹೇಳಿಟ್ಟಿದ್ದೆ. ಯಾಕೆ ಎಂದು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಸ್ವಲ್ಪ ದಿನ ಕಳೆದ ಮೇಲೆ ಮಾತ್ರ ಅವಳಿಗೂ ರೋಸಿತು. “ಅಲ್ಲ ಟೀಚರಮ್ಮ, ನಮ್ಮನೇಲೇ ಅಂಡೆ ತುಂಬ ಮೊಸ್ರೈತೆ. ದಿನಾ ಎಪ್ಪು ಎಪ್ಪು ಅಂತ ಓದ್ರೆ ನಿಮ್ ಯಜಮಾನ್ರು ನನ್ನ ಏನಂದ್ಕಂಡಾರು?” ಎಂದಳು. ಏನಾದರೂ ಅಂದುಕೊಳ್ಳಲಿ, ಹೋಗೇ ತಾಯಿ ಎಂದು ಕೈಮುಗಿದೆ.

ಇದಕ್ಕೆಲ್ಲ ನನಗೆ ಕಂಡ ಒಂದೇ ದಾರಿ ನಂಜನಗೂಡಿಗೆ ವರ್ಗಾವಣೆ. ಆಗ ಟೀಚರುಗಳ ವರ್ಗಾವಣೆಗೆ, ಎದುರಿಗೆ ಕರೆಸಿ ಊರು ಆರಿಸಿಕೊಳ್ಳಲು ಹೇಳುವ ‘ಕೌನ್ಸೆಲಿಂಗ್’ ಎಂಬುದು ಹೊಸದಾಗಿ ಬಂದಿತ್ತು. ನಮಗೆ ಆ ಪದಕ್ಕೆ ಬೇರೆ ಅರ್ಥವೇ ಗೊತ್ತಿಲ್ಲ. ಒಂದು ಮಂಗಳವಾರ ನರಸೀಪುರದಲ್ಲಿ ಬಸ್ಸು ಬದಲಾಯಿಸಲು ಇಳಿದವಳಿಗೆ ಟೈಲರ್ ಅಂಗಡಿಯ ಮೇಲೆ ‘ಕೌನ್ಸೆಲಿಂಗ್ ಸೆಂಟರ್’ ಎಂಬ ಹೊಸ ಬೋರ್ಡು ಕಂಡಿತು. ಅಯ್ಯೋ, ನಮ್ಮ ತಾಲ್ಲೂಕಿಗೇ ಬಂದುಬಿಟ್ಟಿದೆ, ನನಗೆ ಯಾರೂ ಹೇಳಲೇ ಇಲ್ಲವಲ್ಲ ಎಂದು ಧಡಧಡ ಮೆಟ್ಟಿಲು ಹತ್ತಿದೆ. ಒಳಗೆ ಐವತ್ತರ ಆಸುಪಾಸಿನ ಹೆಂಗಸು ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅದನ್ನು ಕಂಡೂ ನನಗೆ ಅನುಮಾನ ಬರಲಿಲ್ಲ. ಆಫೀಸುಗಳಲ್ಲಿ ಕಸೂತಿ ಹಾಕುವವರನ್ನೂ ನಾನು ನೋಡಿದ್ದೇನೆ.

“ನಂದು ಪತಿ-ಪತ್ನಿ ಕೇಸು ಮೇಡಂ” ಎಂದೆ. ಗಂಡ ಒಂದು ಊರಿನಲ್ಲಿ, ಹೆಂಡತಿಯ ಕೆಲಸ ಇನ್ನೊಂದು ಊರಿನಲ್ಲಿ ಇದ್ದರೆ ವರ್ಗಾವಣೆಯಲ್ಲಿ ಹಾಗೆ ಕರೆಯುತ್ತಾರೆ.

“ಹೂಂ, ಮುಂದಕ್ಕೆ?” ಎಂದರು.

“ಅವ್ರು ಅಲ್ಲಿ, ನಾನು ಇಲ್ಲಿ. ಇಬ್ರೂ ಒಂದೇ ಕಡೆ ಇರೋ ಹಾಗೆ ಮಾಡ್ಕೊಡಿ.”

“ಒಂದೇ ಕಡೆ ಇದ್ಬುಟ್ರೆ ಸರಿಹೋಗ್ತದಾ?”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಸರಿಹೋಗ್ದೆ ಏನ್ ಮೇಡಂ? ಹತ್ರ ಇದ್ರೆ ಕಣ್ಣಿಟ್ಟಿರ್ಬೋದಲ್ವಾ?”

“ಯಾತಕ್ಕೆ ಕಣ್ಣಿಡ್ಬೇಕು?”

ಅಷ್ಟೇ. ಅಷ್ಟು ತಿಂಗಳಲ್ಲಿ ಯಾರೂ ಕೇಳದೇ ಇದ್ದದ್ದನ್ನು ಆ ಹೆಂಗಸು ಅವರೆಕಾಳು ಬೇರೆ ಮಾಡುತ್ತ ಕೇಳಿಬಿಟ್ಟಿದ್ದರು. ನಾನು ನಿಂತಲ್ಲೇ ಅತ್ತೆ. ಮೂಗು ಸೋರುತ್ತಿದೆ, ಕರ್ಚೀಫ್ ಇಲ್ಲ, ಸೆರಗಿನಲ್ಲೇ ಒರೆಸಿಕೊಂಡೆ. ಇದು ವರ್ಗಾವಣೆಯ ಆಫೀಸಲ್ಲ ಎಂದು ಅವರು ಹೇಳಿದ್ದು ನಾನು ಅತ್ತು ಮುಗಿಸಿದ ಮೇಲೆ. ಆಗ ಎದ್ದು ಹೋಗಬಹುದಿತ್ತು. ಅಷ್ಟು ಹೊತ್ತಿಗೆ ನನ್ನ ಮುಂದೆ ಮೊರ ಬಂದಿತ್ತು.

“ಅವ್ರು ಏನಾದ್ರೂ...” ಎಂದು ಶುರು ಮಾಡಿ ನಿಲ್ಲಿಸಿದೆ.

“ಏನಾದ್ರೂ?”

“ಕೆಟ್ಟ ಮಾತು ಬಾಯಲ್ಲಿ ಬರ್ಬಾರ್ದು ಮೇಡಂ. ಬಿಡ್ತು.”

“ಬಾಯಿ ಬಿಡ್ತು ಕಣಮ್ಮ, ಎದೆ ಬಿಡ್ತಾ?” ಎಂದರು. “ಸಾಯ್ತಾರೇನೋ ಅಂತ ಭಯ ನಿಂಗೆ. ಅದನ್ನ ಹೇಳು. ಅಷ್ಟೂ ಹೇಳು.”

ಹೇಳಿದೆ. ಹೇಳಿದ ಮೇಲೆ ಸೂರು ಕಳಚಿ ಬೀಳಲಿಲ್ಲ. ಕೆಳಗೆ ಹೊಲಿಗೆ ಮೆಷಿನ್ ಓಡುತ್ತಲೇ ಇತ್ತು. ಮೇಡಂ ಆಗ ಹೇಳಿದ ಮಾತು ನನಗೆ ಹುಚ್ಚುತನ ಅನ್ನಿಸಿತು. ಮನೆಗೆ ಹೋಗಿ ಯಜಮಾನರನ್ನೇ ಕೇಳಬೇಕಂತೆ, ಸಾಯಬೇಕು ಅನ್ನಿಸುತ್ತಿದೆಯಾ ಅಂತ, ಸುತ್ತುಬಳಸಿಲ್ಲದೆ. ಇಲ್ಲದ್ದನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದಲ್ಲ ಎಂದು ಜಗಳಕ್ಕೇ ನಿಂತೆ. “ಇಲ್ಲ ತಾಯಿ. ಕೇಳಿದ್ರೆ ಹುಟ್ಟಲ್ಲ ಅದು. ಇದ್ರೆ ಇಬ್ಬರಿಗೂ ಗೊತ್ತಾಗ್ತದೆ, ಒಬ್ರೇ ಹೊರೋದು ತಪ್ತದೆ. ಹೂಂ ಅಂದ್ರೆ, ಇವತ್ತೂ ಅನ್ನಿಸ್ತಿದೆಯಾ ಅಂತ ಕೇಳು. ಇವತ್ತೂ ಅಂದ್ರೆ ಒಬ್ರನ್ನೇ ಬುಟ್ಟು ಕದಲ್ಬೇಡ, ಯಾರ ಕೈಲಾದ್ರೂ ನಂಗೆ ಹೇಳಿ ಕಳ್ಸು.”

ಕೇಳುವುದು ಅಂದರೆ ಹುಡುಗಾಟವೇ? ಬುಧವಾರ ಬಾಯಿ ತೆರೆದೆ, “ರಾತ್ರಿಗೆ ಮುದ್ದೆ ಮಾಡ್ಲಾ, ಅನ್ನ ಮಾಡ್ಲಾ” ಎಂಬ ಮಾತು ಹೊರಗೆ ಬಂತು. ಗುರುವಾರ, ಶುಕ್ರವಾರವೂ ಅಷ್ಟೆ. ಭಾನುವಾರ ಬೆಳಿಗ್ಗೆ ಅವರೆಕಾಯಿ ತಂದು ಅವರ ಮುಂದೆ ಸುರಿದೆ. ಅವರು ಸುಲಿಯತೊಡಗಿದರು. ನಾನೂ ಕಾಯಿ ನೋಡಿಕೊಂಡೇ ಕೇಳಿದೆ, “ರೀ, ನಿಮ್ಗೆ ಸಾಯ್ಬೇಕು ಅನ್ನಿಸ್ತಿದೆಯಾ?”

ಸುಲಿಯುತ್ತಿದ್ದ ಕೈ ನಿಂತಿತು. “ಆ ಪುಟ್ಟಮ್ಮನ್ನ ಹೆಪ್ಪಿಗೆ ಕಳಿಸ್ತಿದ್ದದ್ದು ಇದಕ್ಕೇನಾ?” ಎಂದರು.

“ಹೂಂ.”

“ಶುಕ್ರವಾರ ಅನ್ನಿಸ್ತು. ಬಾಳ ಅನ್ನಿಸ್ತು. ಅಷ್ಟೊತ್ತಿಗೆ ಆವಮ್ಮ ಬಂದ್ಲು. ಮೊಸರಿಲ್ಲ ಅಂದೆ. ನೋಡಿ ಸ್ವಾಮಿ, ತಳದಲ್ಲಿದ್ರೂ ಸಾಕು ಅಂದ್ಲು. ಪಾತ್ರೆ ಕೆರೀತಾ ಕೂತ್ಕಂಡೆ.”

ನನ್ನ ಬಾಯಲ್ಲಿ ‘ಬಿ’ ಅನ್ನುವವರೆಗೂ ಬಂದಿತ್ತು. ತುಟಿ ಕಚ್ಚಿಕೊಂಡು “ಇವತ್ತು?” ಎಂದೆ. “ಇವತ್ತು ಇಲ್ಲ” ಎಂದರು. ಆಮೇಲೆ ಇಬ್ಬರೂ ಅತ್ತೆವು. ಪುಟ್ಟಮ್ಮ ಅವತ್ತು ಯಾರೂ ಹೇಳದೆ ತಾನಾಗಿಯೇ ಬಂದವಳು ನಮ್ಮನ್ನು ನೋಡಿ, “ಎಪ್ಪು ಬ್ಯಾಡ ಬುಡಿ” ಎಂದು ಬಂದ ದಾರಿಯಲ್ಲೇ ಹೋದಳು.

ಮಂಗಳವಾರ ಯಜಮಾನರನ್ನು ಕರೆದುಕೊಂಡು ಹೋದೆ. ಮೇಡಂ ಇವರೊಡನೆ ಮಾತಾಡಿ, ಮೈಸೂರಿನ ಡಾಕ್ಟರೊಬ್ಬರಿಗೆ ಚೀಟಿಯನ್ನೂ ಕೊಟ್ಟರು. “ಮಾತಿಗೆ ನಾನು, ಮಾತ್ರೆಗೆ ಅವ್ರು. ಎರಡೂ ಬೇಕು, ನಾಚ್ಕೆ ಪಡಂಗಿಲ್ಲ” ಎಂದರು. ತಕ್ಷಣ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಏಳುವುದು ಬೀಳುವುದು ಬಹಳ ಕಾಲ ನಡೆಯಿತು. ಕೊನೆಗೆ ಹುಲ್ಲಹಳ್ಳಿಯ ಅಕ್ಕಿ ಗಿರಣಿಯೊಂದರಲ್ಲಿ ಮೋಟರು ನೋಡಿಕೊಳ್ಳುವ ಕೆಲಸ ಸಿಕ್ಕಿತು, ಗಡ್ಡವೂ ಹೋಯಿತು. ನನ್ನ ವರ್ಗಾವಣೆ ಬಂದದ್ದು ಅದೆಲ್ಲ ಆದ ಮೇಲೆ.

ಆ ವರ್ಷಗಳಲ್ಲೇ ಒಂದು ಸಲ ನೀರಿನ ಗಲಾಟೆಯಲ್ಲಿ ಇದ್ದಕ್ಕಿದ್ದಂತೆ ಬಸ್ಸುಗಳು ನಿಂತವು. ರಸ್ತೆಗೆ ಟೈರು ಹಚ್ಚಿದ್ದರು. ನರಸೀಪುರದಲ್ಲಿ ಸಿಕ್ಕಿಬಿದ್ದ ಹೆಂಗಸರು ಮಕ್ಕಳನ್ನೆಲ್ಲ ಮೇಡಂ ತಮ್ಮ ಕೋಣೆಗೆ ಹತ್ತಿಸಿದರು. ನಾನೂ ಇದ್ದೆ. ಅವರೇ ಕಿಟಕಿಗೂ ಬಾಗಿಲಿಗೂ ಓಡಾಡುತ್ತ, “ನಂಗೆ ಕೈಕಾಲು ನಡುಗ್ತಾವೆ. ನಿಮ್ಗೇನ್ ಭಯ, ಒಬ್ಬೊಬ್ರೇ ಹೇಳಿ” ಎಂದರು. ಮನೆಯಲ್ಲಿ ಒಬ್ಬಳೇ ಇರುವ ಬಸುರಿ ಸೊಸೆ, ಹಸಿದಿರುವ ಕೂಸು, ಕಲ್ಲು, ಬೆಂಕಿ, ಒಂದೊಂದೇ ಹೊರಗೆ ಬಂದವು. ಮೂಲೆಯಲ್ಲಿದ್ದ ಅಜ್ಜಿಯೊಬ್ಬಳು ತಡೆಯಲಾರದೆ, “ಬುಡ್ತು ಅನ್ರವ್ವ, ಎಲ್ರೂ ಬುಡ್ತು ಅನ್ನಿ!” ಎಂದು ಕೂಗಿದಳು. ಮೇಡಂ ರೇಗಿದರು. “ನೀನು ಸುಮ್ನಿರವ್ವ! ಹೇಳ್ಕಂಡು ಹಗುರಾಗ್ಲಿ. ದೇವ್ರಿಗೇನು ಕಿವಿ ಅಷ್ಟೊಂದು ಚುರುಕಾ?” ಎಂದರು. ಅಳುತ್ತಿದ್ದವರೆಲ್ಲ ನಕ್ಕರು.

ನೆಮ್ಮದಿ ಅಂದರೆ ಏನು ಮೇಡಂ ಎಂದು ನಾನು ಅವತ್ತೇ ಕೇಳಿದ್ದು. “ಮನೇಲಿ ಒಬ್ರ ಮುಂದಾದ್ರೂ ಕೆಟ್ಟ ಮಾತು ಆಡೋಕಾದ್ರೆ ಅದೇ ನೆಮ್ಮದಿ. ಒಳ್ಳೆ ಮಾತು ಯಾರ ಮುಂದಾದ್ರೂ ಆಡ್ಬೋದು ಬಿಡು” ಎಂದರು.

ಕೊನೆಯ ಸಲ ಅವರು ಸಿಕ್ಕಿದ್ದು ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ. ತುಂಬ ಇಳಿದುಹೋಗಿದ್ದರು. ನರಸೀಪುರದ ಕೋಣೆ ಬಿಟ್ಟೆ, ಇನ್ನು ಮೈಸೂರಿನಲ್ಲೇ ಇರುತ್ತೇನೆ ಎಂದರು. ನಾನು ಸಂಭ್ರಮದಲ್ಲಿ ಯಜಮಾನರ ಗಿರಣಿ, ಮತ್ತೆ ಶುರುವಾದ ಕ್ರಿಕೆಟ್ ಹುಚ್ಚು, ಬೆಳಿಗ್ಗೆ ಅವರೇ ಮಾಡಿಕೊಡುವ ಕಾಫಿ ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಅವ್ರು ಆಯ್ತು. ನೀನು?” ಎಂದರು.

“ನಂಗೇನ್ ಮೇಡಂ, ಗುಂಡುಕಲ್ಲು ಇದ್ದಂಗಿದೀನಿ.”

ಮೈಸೂರಿನ ಬಸ್ಸು ಬಂತು. ಹತ್ತುವ ಜನರ ಮಧ್ಯೆ ನನ್ನ ಮುಂಗೈ ಹಿಡಿದುಕೊಂಡು ಕೇಳಿದರು, “ಆಗ ನಾನು ಅವ್ರನ್ನ ಕೇಳು ಅಂದೆ, ನಿನ್ನ ಕೇಳ್ಲೇ ಇಲ್ಲ. ನಿಂಗೂ ಅನ್ನಿಸಿತ್ತಾ?”

ಹಿಂದಿನವರು ನೂಕುತ್ತಿದ್ದರು. “ಇಲ್ಲಪ್ಪ” ಎಂದು ನಕ್ಕುಬಿಟ್ಟೆ. ಅವರು ನನ್ನ ಮುಖವನ್ನೇ ನೋಡುತ್ತ ಫುಟ್‌ಬೋರ್ಡ್ ಹತ್ತಿದರು.

ಮರುವರ್ಷ ಆ ಟೈಲರ್ ಎಲ್ಲೋ ಸಿಕ್ಕಿ, ಮೇಡಂ ಹೋಗಿಬಿಟ್ಟರು, ಕ್ಯಾನ್ಸರ್ ಇತ್ತಂತೆ, ಆಗಲೇ ತಿಂಗಳು ಕಳೆಯಿತು ಎಂದು ಹೇಳಿದ. ಮನೆಗೆ ಬಂದವಳು ಅಡುಗೆಮನೆಯಲ್ಲಿ ಒಲೆಯನ್ನೂ ಹಚ್ಚದೆ ಕೂತು ಅಳುತ್ತಿದ್ದೆ. ಗಿರಣಿಯಿಂದ ಬಂದ ಯಜಮಾನರಿಗೆ ವಿಷಯ ಹೇಳಿದೆ. ಅವರ ಕಣ್ಣೂ ತುಂಬಿತು. ನನ್ನ ಅಳು ನಿಲ್ಲದ್ದು ಕಂಡು, “ಇಷ್ಟ್ಯಾಕೆ ಬಿಕ್ಕಿ ಅಳ್ತಿದೀಯ?” ಎಂದರು.

“ಕಡೇ ಸಲ ಅವ್ರು ನನ್ನ ಒಂದು ಮಾತು ಕೇಳಿದ್ರು. ಸುಳ್ಳು ಹೇಳ್ಬಿಟ್ಟೆ.”

“ಏನ್ ಕೇಳಿದ್ರು?”

“ನಿಂಗೂ ಸಾಯ್ಬೇಕು ಅನ್ನಿಸಿತ್ತಾ ಅಂತ.”

ಅವರು ಬಾಗಿಲಲ್ಲಿ ನಿಂತಿದ್ದರು. ಅಂಗಿಯ ಮೇಲೆಲ್ಲ ಹೊಟ್ಟಿನ ಧೂಳು. ಒಳಗೆ ಬಂದು ನನ್ನೆದುರು ನೆಲದ ಮೇಲೆ ಕೂತರು.

“ಅನ್ನಿಸಿತ್ತಾ?”

“ಹೂಂ ಕಣ್ರೀ” ಎಂದೆ. “ಅನ್ನಿಸಿತ್ತು.”