ನರ್ಸಮ್ಮ ವಾಂತಿ ಮಾಡಿಕೊಂಡದ್ದು

ಮೂವತ್ತೆರಡು ವರ್ಷ ಆಸ್ಪತ್ರೆಯಲ್ಲಿ ದುಡಿದ ನರ್ಸಮ್ಮ ಮನುಷ್ಯರ ಕೀವು, ಕಫ, ಮಲಮೂತ್ರ ಯಾವುದಕ್ಕೂ ಮೂಗು ಮುರಿದವಳಲ್ಲ. ಕೊಳೆತ ಗಾಯಕ್ಕೆ ಪಟ್ಟಿ ಕಟ್ಟಿ, ಕೈ ತೊಳೆದು, ನೇರ ಊಟಕ್ಕೆ ಕೂರುತ್ತಿದ್ದಳು. ಬೆಕ್ಕು ಕಂಡರೆ ಮಾತ್ರ ಅವಳ ಮೈ ಜುಮ್ಮೆನ್ನುತ್ತಿತ್ತು. ಆದರೆ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ, ಬೆಕ್ಕಿರುವ ಆ ಎರಡು ಕೋಣೆಯ ಮನೆಗೆ ಹೋಗದೆ ವಿಧಿಯಿರಲಿಲ್ಲ.

ಬೆಕ್ಕಿನ ಹೆಸರು ಗುಂಡ. ಹೆಸರಿಗಷ್ಟೇ ಗುಂಡ, ಬೆನ್ನೆಲುಬು ಎಣಿಸಬಹುದಿತ್ತು. ಹಗಲಿಡೀ ಅಕ್ಕನ ಕಾಲ ಬಳಿ ಮಲಗಿ ಪರಪರ ಕಿವಿ ಕೆರೆದುಕೊಳ್ಳುತ್ತಿತ್ತು.

ಮೂರನೆಯ ದಿನ ಹೊದಿಕೆ ಬದಲಿಸುವಾಗ ನಾಲ್ಕು ಅನ್ನದ ಅಗುಳು ಕಂಡವು. "ಏನಕ್ಕಾ, ಹಾಸಿಗೆ ತುಂಬ ಅನ್ನ ಚೆಲ್ಕೊಂಡಿದೀಯಾ?" ಎನ್ನುತ್ತ ಒಂದನ್ನು ಎತ್ತಿಕೊಂಡಳು. ಅಗುಳು ಬೆರಳ ಮೇಲೆ ಉದ್ದವಾಯಿತು, ಮುದುರಿತು, ಮುಂದಕ್ಕೆ ಸರಿಯಿತು. ಗುಂಡ ಬಾಲವೆತ್ತಿದ, ಅಲ್ಲೂ ಎರಡು ಅಂಟಿಕೊಂಡಿದ್ದವು. ಆ ಮಧ್ಯಾಹ್ನ ಅವಳು ಊಟದ ತಟ್ಟೆ ಮುಟ್ಟಲಿಲ್ಲ.

"ಇಂಥ ಹೊಲಸಿನ ಜೊತೆ ಮಲಗ್ತೀಯಲ್ಲ, ನಿಂಗೆ ಹೇಸಿಗೆ ಆಗಲ್ವಾ?"

"ಚಿಕ್ಕೋಳಿದ್ದಾಗ ನಿನ್ನ ತಲೆ ತುಂಬ ಹೇನು. ನಾನೇನು ನಿನ್ನ ಬೀದಿಗೆ ಬಿಟ್ನಾ?" ಎಂದಳು ಅಕ್ಕ.

ಮರುದಿನ ಬೆಕ್ಕನ್ನು ಕೈಚೀಲಕ್ಕೆ ತುರುಕಿ ಪ್ರಾಣಿಗಳ ಡಾಕ್ಟರಮ್ಮನ ಬಳಿಗೆ ಒಯ್ದಳು. ಅಲ್ಲೇ ಬಿಟ್ಟು ಬರುವ ಯೋಚನೆಯೂ ಇತ್ತು. ಡಾಕ್ಟರಮ್ಮ ಬಾಚಣಿಗೆಯಿಂದ ಕಪ್ಪು ಪುಡಿ ಉದುರಿಸಿ ಒದ್ದೆ ಹತ್ತಿಯಲ್ಲಿ ಒತ್ತಿದಳು. ಹತ್ತಿ ಕೆಂಪಾಯಿತು.

"ಇದು ಮಣ್ಣಲ್ಲ, ಚಿಗಟದ ಕಕ್ಕ. ಕುಡಿದ ರಕ್ತಾನೇ ಹೀಗೆ ಬರುತ್ತೆ. ಮೈ ನೆಕ್ಕುವಾಗ ಬೆಕ್ಕು ಚಿಗಟನ ನುಂಗುತ್ತೆ, ಚಿಗಟದೊಳಗಿರೋ ಲಾಡಿಹುಳ ಬೆಕ್ಕಿನ ಹೊಟ್ಟೇಲಿ ಬೆಳೆಯುತ್ತೆ. ಹಾಸಿಗೇಲಿ ಅನ್ನದಗುಳಿನ ಹಾಗೆ ಉದುರೋದು ಅದರ ತುಂಡುಗಳೇ."

"ಇದನ್ನ ಇಲ್ಲೇ ಬಿಟ್ಟು ಹೋದ್ರೆ?"

"ಬಿಡಿ. ಚಿಗಟ ಮನೇಲೇ ಇರ್ತವಲ್ಲ, ನಿಮ್ಮನ್ನೇ ಕಚ್ತವೆ."

ನರ್ಸಮ್ಮನಿಗೆ ಅಕ್ಕನ ಹಿಮ್ಮಡಿಯ ಮೇಲಿನ ಕೆಂಪು ಗುಳ್ಳೆಗಳು ನೆನಪಾದವು. ಬೆವರುಗುಳ್ಳೆ ಎಂದು ತಾನೇ ಮುಲಾಮು ಹಚ್ಚಿದ್ದಳು! ಅಷ್ಟರಲ್ಲಿ ಡಾಕ್ಟರಮ್ಮ ಕಿವಿಯಿಂದ ಕಾಫಿ ಚರಟದಂಥ ಗಲೀಜು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟಳು. ನರ್ಸಮ್ಮ ಬಗ್ಗಿ ನೋಡಿದಳು. ಬೆಳ್ಳನೆಯ ನುಸಿಗಳು ಕೂದಲಿನಂಥ ಕಾಲು ಆಡಿಸುತ್ತ ಒಂದರ ಮೇಲೊಂದು ಹತ್ತುತ್ತಿದ್ದವು. ಅವಳು ಕೈ ತೊಳೆಯುವ ತೊಟ್ಟಿಯ ಬಳಿಗೆ ಓಡಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡಳು.

ಆಮೇಲಿನ ಆರು ವಾರ ಯುದ್ಧವೇ. ಹೊದಿಕೆಗಳನ್ನು ಕುದಿಸಿದಳು, ಮಂಚದಡಿಯ ಸಂದುಗೊಂದು ಗುಡಿಸಿದಳು, ಗುಂಡನ ಕತ್ತಿನ ಹಿಂದೆ ಚಿಗಟದ ಔಷಧಿ ಬಿಟ್ಟಳು. ಗಂಟಲಿಗೆ ತಳ್ಳಿದ ಹುಳದ ಮಾತ್ರೆಯನ್ನು ಗುಂಡ ನೊರೆಸಮೇತ ಅವಳ ಮಡಿಲಿಗೆ ಉಗುಳಿದ. ಒಮ್ಮೆ ಕಿವಿಗೆ ಹನಿ ಹಾಕಿದ್ದೇ ತಡ, ತಲೆ ಒದರಿದ. ಕಪ್ಪು ಗುಗ್ಗೆಯ ತುಣುಕೊಂದು ಹಾರಿ ಬಂದು ಅವಳ ಕೆಳತುಟಿಗೆ ಮೆತ್ತಿಕೊಂಡಿತು. ಅಕ್ಕ ಸೊಂಟ ಹಿಡಿದುಕೊಂಡು ನಕ್ಕಳು. ಸೋಪು ಹಚ್ಚಿ ಹಚ್ಚಿ ನರ್ಸಮ್ಮನ ತುಟಿ ಬಾತುಹೋಯಿತು.

ಅಕ್ಕ ಕೋಲೂರಿ ನಡೆಯುವ ಹೊತ್ತಿಗೆ ಹಾಸಿಗೆಯಲ್ಲಿ ಹುಳು ಕಾಣಿಸದಾಗಿತ್ತು. ಗುಂಡನ ಕಿವಿಯೊಳಗೆ ನಸುಗೆಂಪು ಚರ್ಮ ಕಾಣುತ್ತಿತ್ತು. ಅವನು ಕಾಲಿಗೆ ಮೈ ಉಜ್ಜಲು ಬಂದರೆ ಮಾತ್ರ ನರ್ಸಮ್ಮ ಪೊರಕೆಯಿಂದಲೇ ಅತ್ತ ತಳ್ಳುತ್ತಿದ್ದಳು. ಹೊರಡುವ ದಿನ ಮುಂದಿನ ಔಷಧಿಯ ದಿನಗಳನ್ನು ಕ್ಯಾಲೆಂಡರಿನಲ್ಲಿ ದಪ್ಪಗೆ ಬರೆದಳು.

"ಮರೀಬೇಡ. ಮರೆತ್ರೆ ಮತ್ತೆ ನಾನೇ ಬಂದು ಸಾಯ್ಬೇಕು."

"ಬಾ, ಗುಂಡ ಕಾಯ್ತಿರ್ತಾನೆ."

"ಥೂ!" ಎಂದಳು ನರ್ಸಮ್ಮ. ಮನೆ ಸೇರಿದವಳೇ ಉಟ್ಟ ಬಟ್ಟೆಯನ್ನೆಲ್ಲ ಕುದಿನೀರಿಗೆ ಹಾಕಿ, ಎರಡೆರಡು ಸಲ ಸ್ನಾನ ಮಾಡಿದಳು.