ನಾಸ್ತಾಸಿಯಾಳ ಪೆಟ್ಟಿಗೆ ಕಾವಲು

ಅಲಾಸ್ಕದ ಬೆಥೆಲ್ ಊರಿನ ನಾಸ್ತಾಸಿಯಾಗೆ ಕೂತಲ್ಲಿ ಕೂರುವ ಜಾಯಮಾನವೇ ಇಲ್ಲ. ವರ್ಷವಿಡೀ ಅಕ್ಕಿ, ಒಲೆಯೆಣ್ಣೆ ಎಲ್ಲವನ್ನೂ ವಿಮಾನ ಕಂಪನಿಯ ಕ್ರೆಡಿಟ್ ಕಾರ್ಡಿನಲ್ಲೇ ಕೊಂಡು, ಆ ಖರ್ಚಿಗೆ ಕಂಪನಿ ಕೊಡುವ ‘ಮೈಲಿ’ ಅಂಕಗಳನ್ನು ಕೂಡಿಹಾಕುತ್ತಾಳೆ. ಚಳಿಗಾಲದಲ್ಲಿ ಆ ಮೈಲಿಗಳಿಗೆ ಸಿಗುವ ಪುಕ್ಕಟೆ ಟಿಕೆಟ್ಟಿನಲ್ಲಿ ದೂರದ ಬಿಸಿಲೂರು ಫೀನಿಕ್ಸ್‌ಗೆ, ತಮ್ಮ ಮೋಸೆಸ್‌ನ ಮನೆಗೆ ಹೊರಡುತ್ತಾಳೆ. ಪುಕ್ಕಟೆ ಟಿಕೆಟ್ ಎಂದ ಮೇಲೆ ನಡುವೆ ವಿಮಾನ ಬದಲಿಸಲು ಆಂಕರೇಜ್‌ನಲ್ಲಿ ರಾತ್ರಿ ಕಳೆಯುವುದು ಇದ್ದದ್ದೇ.

ಈ ಸಲವೂ ಅವಳ ಸಾಲ್ಮನ್ ಮೀನಿನ ಪೆಟ್ಟಿಗೆಯನ್ನು ಬೆಥೆಲ್ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ನೇರ ಫೀನಿಕ್ಸ್‌ಗೇ ಕಳಿಸಲು ಹೊರಟಳು.

“ಬೇಡ ಕಣಮ್ಮ, ಆಂಕರೇಜ್‌ನಲ್ಲೇ ನನ್ ಕೈಗೆ ಕೊಡ್ಸು. ಅಲ್ಲಿನ ನಿಮ್ಮ ಲಗೇಜ್ ಕೋಣೆ ಸೆಕೇಲಿ ರಾತ್ರಿ ಇಟ್ರೆ ಒಳಗಿನ ಮಂಜುಗಡ್ಡೆಯೆಲ್ಲ ಕರಗಿ ಮೀನು ಕೊಳೆಯುತ್ತೆ.”

ಆ ರಾತ್ರಿ ಆಂಕರೇಜ್ ನಿಲ್ದಾಣದ ಹೊರಗೆ, ಹಿಮದ ಮೇಲೆ ಪೆಟ್ಟಿಗೆಯಿಟ್ಟು ಅದರ ಸುತ್ತಲೇ ಶತಪಥ ಹಾಕಿದಳು.

ವಾಪಸು ಹೊರಟಾಗ ಮೋಸೆಸ್ ಅದೇ ಪೆಟ್ಟಿಗೆಗೆ ಹಿತ್ತಲ ಕಿತ್ತಳೆ ತುಂಬಿಸಿ, “ಅಕ್ಕ, ಈ ಸಲ ನೇರ ಬೆಥೆಲ್‌ಗೇ ಹಾಕ್ಸಿ ನೀನು ನಿದ್ದೆ ಮಾಡು,” ಎಂದ.

“ಸುಮ್ನಿರೋ, ಆಂಕರೇಜ್‌ನ ಆ ಲಗೇಜ್ ಕೋಣೆ ಥಂಡಿಗೆ ಕಿತ್ತಳೆ ಕಲ್ಲಾಗೋಗುತ್ತೆ.”

“ಬಂದ ದಿನ ಅದೇ ಕೋಣೆ ಸೆಕೆ ಅಂತ ನಂಗೇ ಹೇಳಿದ್ಯಲ್ಲ?”

“ನಿಂಗೇನೋ ಗೊತ್ತು? ದುಡ್ಡು ಕೊಟ್ಟು ನೇರ ವಿಮಾನದಲ್ಲಿ ಗೊರಕೆ ಹೊಡ್ಕೊಂಡು ಹೋಗೋನು.”

ಆಂಕರೇಜ್ ನಿಲ್ದಾಣದೊಳಗೆ ತನ್ನ ಕೋಟನ್ನು ಬಿಚ್ಚಿ ಕಿತ್ತಳೆ ಪೆಟ್ಟಿಗೆಗೆ ಹೊದಿಸಿ, ಬೆಳಗಿನವರೆಗೆ ಕಣ್ಣು ಮುಚ್ಚದೆ ಕೂತಳು. ಇಷ್ಟು ವರ್ಷ ಓಡಾಡಿದರೂ ಆ ಲಗೇಜ್ ಕೋಣೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಕೂಡ ಅವಳು ನೋಡಿದವಳಲ್ಲ.